ಬೆಣ್ಣೆಯಲ್ಲಿ ಬಿಳುಪು, ಎಣ್ಣೆಯಲ್ಲಿ ಎಳ್ಳು

ಪುಣೆಯಲ್ಲಿ ‘ದಾವಣಗೆರೆ ಲೋಣಿ ಸ್ಪಂಜ್ ಡೋಸಾ’ ಎಂಬ ಬೋರ್ಡು ಈಗ ಮಾಮೂಲು. ಮರಾಠಿಗರು ನಮ್ಮ ಬೆಣ್ಣೆಯನ್ನು ತಮ್ಮ ಲೋಣಿ ಮಾಡಿಕೊಂಡರು, ಬಟರ್ ಮಾಡಲಿಲ್ಲ. ಅದೇ ದೋಸೆ ಕರ್ನಾಟಕದೊಳಗೇ ಎಷ್ಟೋ ಮೆನುಗಳಲ್ಲಿ ‘ಬಟರ್ ದೋಸೆ’ ಆಗಿ ಕೂತಿದೆ. ದಾವಣಗೆರೆಗೆ ಹೆಸರು ತಂದದ್ದು ಬೆಣ್ಣೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹೆಸರು ತಂದದ್ದು ಎಣ್ಣೆ. ಈ ಎರಡೂ ಮಾತಿನ ಜಾಗಕ್ಕೆ ಬರುತ್ತಿರುವ ಬಟರ್, ಆಯಿಲ್ ಎಂಬವು ಏನು ಹೇಳುತ್ತವೆ ಎಂದು ಬಿಚ್ಚಿ ನೋಡುವುದು ಒಳ್ಳೆಯದು.

ಬಟರ್ ಹುಟ್ಟಿದ್ದು ಗ್ರೀಕಿನ ‘ಬೂಟೈರಾನ್’ ಎಂಬ ಪದದಿಂದ. ‘ಬೂಸ್’ ಎಂದರೆ ದನ, ‘ಟೈರಾಸ್’ ಎಂದರೆ ಚೀಸ್. ಎರಡೂ ಸೇರಿ ದನದ ಚೀಸ್! ಈ ಬೂಸ್, ಸಂಸ್ಕೃತದ ಗೋ, ಇಂಗ್ಲಿಷಿನ ಕೌ ಮೂರೂ ಒಂದೇ ಬೇರಿನವು. ಗ್ರೀಕರದು ಆಲಿವ್ ಎಣ್ಣೆಯ ಅಡುಗೆ, ಬೆಣ್ಣೆ ಅವರಿಗೆ ಹೊರಗಿನವರ ಪದಾರ್ಥ. ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕೂಡ ಅದನ್ನು ಅನ್ಯ ಜನಾಂಗಗಳ ಆಹಾರವೆಂದೇ ಬರೆದ. ಗ್ರೀಕರು ತಮ್ಮದಲ್ಲದ ಈ ವಸ್ತುವಿಗೆ ತಮಗೆ ಗೊತ್ತಿದ್ದ ಚೀಸಿನ ಹೆಸರು ಹಚ್ಚಿದರು. ಅದು ಲ್ಯಾಟಿನ್ನಿನಲ್ಲಿ ‘ಬುಟೈರಮ್’ ಆಗಿ, ಹಳೆಯ ಇಂಗ್ಲಿಷಿನಲ್ಲಿ ‘ಬುಟೆರೆ’ ಆಯಿತು. ಹಳಸಿದ ಬೆಣ್ಣೆಯ ಕಮಟು ವಾಸನೆಗೆ ಕಾರಣವಾದ ಬ್ಯುಟಿರಿಕ್ ಆಸಿಡ್‌ಗೆ ಹೆಸರು ಬಂದದ್ದೂ ಇಲ್ಲಿಂದಲೇ. ಆ ಆಸಿಡ್‌ನ ಹೆಸರಿನಿಂದ ಬ್ಯುಟೇನ್ ಬಂತು. ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಇರುವುದು ಅದೇ ಬ್ಯುಟೇನ್.

ಬೆಣ್ಣೆ ಹೀಗೆ ಊರೂರು ಅಲೆದು ಬಂದ ಪದವಲ್ಲ. ಬೆಳ್ ಎಂದರೆ ಬಿಳಿ. ಬೆಳ್ಳಿ, ಬೆಳ್ದಿಂಗಳು, ಬೆಳ್ಳುಳ್ಳಿಗಳಲ್ಲಿ ಇರುವುದೂ ಅದೇ. ನೆಯ್ ಎಂದರೆ ಜಿಡ್ಡು, ತುಪ್ಪ. ತಮಿಳರು ಇವತ್ತಿಗೂ ತುಪ್ಪಕ್ಕೆ ನೆಯ್ ಎನ್ನುತ್ತಾರೆ. ಬೆಳ್ + ನೆಯ್ ಸೇರಿದಾಗ ಳ ಮತ್ತು ನ ಕೂಡಿ ಣ್ಣ ಆಗುತ್ತದೆ, ಕೊನೆಯ ಯ್ ಬಿದ್ದುಹೋಗುತ್ತದೆ: ಬೆಣ್ಣೆ. ಇಂಗ್ಲಿಷಿನದು ಪ್ರಾಣಿಯನ್ನು ಹೇಳುತ್ತದೆ, ನಮ್ಮದು ಬಣ್ಣವನ್ನು. ನಮ್ಮ ಕಡೆಯ ಎಮ್ಮೆ ಬೆಣ್ಣೆಗೆ ಈ ಹೆಸರು ಎಷ್ಟು ಹೊಂದುತ್ತದೆ ನೋಡಿ. ಹಸುವಿನ ಬೆಣ್ಣೆಗೆ ಹಳದಿ ಕೊಡುವುದು ಮೇವಿನ ಕ್ಯಾರೊಟಿನ್. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಬದಲಾಯಿಸಿಬಿಡುವುದರಿಂದ ಅದರ ಬೆಣ್ಣೆ ಬೆಳ್ಳಗೇ ಉಳಿಯುತ್ತದೆ. ಮರಾಠಿಯ ಲೋಣಿ ಸಂಸ್ಕೃತದ ನವನೀತದಿಂದ ಬಂದದ್ದು, ಅಂದರೆ ಈಗಷ್ಟೇ ತೆಗೆದದ್ದು. ಅದೂ ಚೆಂದದ ಹೆಸರೇ.

ಹೆಸರು ಬದಲಾದರೆ ಕಾವಲಿಯ ಮೇಲಿನ ವಸ್ತುವೂ ಬದಲಾಗುತ್ತದೆ, ನನ್ನ ತಕರಾರು ಇರುವುದು ಅಲ್ಲಿ. ಅಂಗಡಿಯಲ್ಲಿ ಬಟರ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಉಪ್ಪು ಹಾಕಿದ ಹಳದಿ ಟೇಬಲ್ ಬಟರ್: ಕನಿಷ್ಠ 80% ಕೊಬ್ಬು, 16% ಮೀರದ ನೀರು, 3%ವರೆಗೆ ಉಪ್ಪು. ಹಿಟ್ಟಿಗೆ ಉಪ್ಪು ಮೊದಲೇ ಬಿದ್ದಿರುತ್ತದೆ; ಮೇಲೆ ಇದನ್ನೂ ಸುರಿದರೆ ದೋಸೆ ಉಪ್ಪುಪ್ಪಾಗುತ್ತದೆ. ಬೆಣ್ಣೆ ಖಾಲಿ ದೋಸೆಗೂ ಬೆಣ್ಣೆ ಓಪನ್ ದೋಸೆಗೂ ಬೇಕಾದದ್ದು ಉಪ್ಪಿಲ್ಲದ ಬಿಳಿ ಬೆಣ್ಣೆ. ಅದರಲ್ಲೂ ನೀರು, ಹಾಲಿನ ಅಂಶ ಇರುತ್ತವೆ. ನೀರು ಆವಿಯಾಗುವಾಗ ಚಟಪಟ ಎನ್ನುತ್ತದೆ, ಹಾಲಿನ ಅಂಶ ಸುಮಾರು 150 ಡಿಗ್ರಿ ದಾಟಿದರೆ ಕಪ್ಪಾಗಿ ಕಹಿಯಾಗುತ್ತದೆ. ಹಾಗಾಗಿ ಬೆಣ್ಣೆಯನ್ನು ಉರಿಯುವ ಕಾವಲಿಗೆ ಮೊದಲೇ ಹಾಕದೆ, ಹಿಟ್ಟು ಹೊಯ್ದು ತೂತು ಬಿಟ್ಟ ಮೇಲೆ ಹಾಕಬೇಕು.

ಇನ್ನು ಆಯಿಲ್. ಗ್ರೀಕಿನಲ್ಲಿ ‘ಎಲಾಯಾ’ ಎಂದರೆ ಆಲಿವ್, ‘ಎಲಾಯಾನ್’ ಎಂದರೆ ಅದರ ಎಣ್ಣೆ. ಲ್ಯಾಟಿನ್ನಿನಲ್ಲಿ ‘ಓಲಿಯಮ್’, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಆಯಿಲ್. ಪೆಟ್ರೋಲಿಯಂ ಎಂದರೆ ಕಲ್ಲಿನ ಎಣ್ಣೆ. ನಮ್ಮದು ಎಳ್ + ನೆಯ್, ಎಳ್ಳಿನ ಜಿಡ್ಡು. ಬೆಣ್ಣೆಯದೇ ಸಂಧಿ, ಅದೇ ಣ್ಣ. ಸಂಸ್ಕೃತದ ತೈಲವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂತು. ಮೂರು ಕಡೆಯ ಜನವೂ ತಮ್ಮ ತಮ್ಮ ಹೊಲದ ಮುಖ್ಯ ಎಣ್ಣೆಯ ಹೆಸರನ್ನೇ ಎಲ್ಲ ಎಣ್ಣೆಗೂ ಹಬ್ಬಿಸಿದರು. ಎಳ್ಳೆಣ್ಣೆ ಎಂದರೆ ಎಳ್ಳು ಎರಡು ಸಲ ಬಂದಂತೆ. ಆಲಿವ್ ಆಯಿಲ್‌ನಲ್ಲಿ ಆಲಿವ್ ಎರಡು ಸಲ, ಮರಾಠಿಯ ತಿಳಾಚೇ ತೇಲ್‌ನಲ್ಲೂ ಹಾಗೆಯೇ. ಚಳ್ಳಕೆರೆಯ ಮಿಲ್‌ಗಳನ್ನು ಬೆಳೆಸಿದ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಅದು ಇಲ್ಲಿಗೆ ಬರುವ ಹೊತ್ತಿಗೆ ಎಣ್ಣೆ ಎಂಬ ಮಾತು ಹಳೆಯದಾಗಿತ್ತು, ಶೇಂಗಾ ಎಣ್ಣೆಯೊಳಗೂ ಎಳ್ಳು ಉಳಿಯಿತು.

ಎಣ್ಣೆಯಿಂದಲೇ ಆಯಿಲ್ ಹುಟ್ಟಿತು ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಅದು ನಿಲ್ಲುವುದಿಲ್ಲ. ಎರಡೂ ಪದ ಈಗ ಹೇಗೆ ಕೇಳಿಸುತ್ತವೆ ಎನ್ನುವುದನ್ನಲ್ಲ, ಅವುಗಳ ಅತ್ಯಂತ ಹಳೆಯ ರೂಪವನ್ನು ಹೋಲಿಸಬೇಕು. ಒಂದು ಕಡೆ ಎಲಾಯಾನ್, ಇನ್ನೊಂದು ಕಡೆ ಎಳ್ + ನೆಯ್. ಅದು ಆಲಿವ್ ಎಂಬ ಒಂದೇ ಪದದಿಂದ ಹುಟ್ಟಿದ್ದು, ಇದು ಎಳ್ಳು, ಜಿಡ್ಡು ಎಂಬ ಎರಡು ಪದ ಸೇರಿ ಆದದ್ದು. ಗಿಡವೂ ಬೇರೆ, ಕಟ್ಟುವ ರೀತಿಯೂ ಬೇರೆ. ಇಂಥ ಸುಳ್ಳು ನಂಟು ನಮ್ಮ ಪದಕ್ಕೆ ಬೇಕಾಗಿಯೂ ಇಲ್ಲ.

ಹೊರಗಿನವರಿಗೆ ಅರ್ಥವಾಗಲಿ ಎಂದು ಬಟರ್ ಬರೆಯುತ್ತೇವೆ ಎನ್ನುವ ಹೋಟೆಲಿನವರು ಘೀ ಎಂಬ ಪದವನ್ನು ನೋಡಬೇಕು. ಸಂಸ್ಕೃತದ ಘೃತ ಹಿಂದಿಯಲ್ಲಿ ಘೀ ಆಗಿ, ಅನುವಾದವಾಗದೆ ಹಾಗೇ ಇಂಗ್ಲಿಷ್ ನಿಘಂಟು ಸೇರಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗಿ ಬಂದರೂ ಬೋರ್ಡಿನ ಮೇಲೆ ‘ಬೆಣ್ಣೆ ದೋಸೆ’ ಎಂದೇ ಬರೆಸಿ. ಪುಣೆಯವರು ಲೋಣಿ ಎಂದು ಬರೆದೂ ವ್ಯಾಪಾರ ಮಾಡುತ್ತಿದ್ದಾರೆ.