ಡೈ ಶಾಪಿನ ಮೂಲೆಯಲ್ಲಿ ಸಿಕ್ಕ ಭದ್ರಾವತಿ

ಕಳೆದ ತಿಂಗಳು ಪುಣೆಯ ಭೋಸರಿಯಲ್ಲಿರುವ ನಮ್ಮ ಫೋರ್ಜಿಂಗ್ ಶಾಪಿನಲ್ಲಿ ಹಳೆ ಸಾಮಾನು ಹೊರಗೆ ಹಾಕುವ ಕೆಲಸ ನಡೆದಿತ್ತು. ಮೂಲೆಯಲ್ಲಿ ಗ್ರೀಸು, ಧೂಳು ಮೆತ್ತಿಕೊಂಡು ಬಿದ್ದಿದ್ದ ಒಂದು ಡೈ ಬ್ಲಾಕನ್ನು, ಅಂದರೆ ಕಾದ ಉಕ್ಕನ್ನು ಬಡಿದು ಆಕಾರ ಕೊಡುವ ಅಚ್ಚಿನ ದಿಮ್ಮಿಯನ್ನು, ಹುಡುಗರು ಚೈನ್ ಹಾಕಿ ಎತ್ತುತ್ತಿದ್ದಾಗ ಡೈ ಫಿಟ್ಟರ್ ಕಾಕಾ ನನ್ನನ್ನು ಕೂಗಿ ಕರೆದರು. ಡೀಸೆಲ್ ಅದ್ದಿದ ವೇಸ್ಟಿನಿಂದ ಬ್ಲಾಕಿನ ಒಂದು ಬದಿಯನ್ನು ಗಸಗಸ ಉಜ್ಜಿದರು. ಪಂಚ್ ಹೊಡೆದಿದ್ದ ಅಕ್ಷರಗಳು ಕಂಡವು: ವಿ.ಐ.ಎಸ್.ಎಲ್. ನಮ್ಮೂರು ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಗುರುತು. ಅದರ ಕೆಳಗೆ ಹೀಟ್ ನಂಬರು, ಅಂದರೆ ಯಾವ ಸಲ ಕರಗಿಸಿದ ಉಕ್ಕು ಅನ್ನುವ ಸಂಖ್ಯೆ.

"ತುಮ್‌ಚ್ಯಾ ಗಾವಚಂ ನಾ ಹೇ? ಅಸಂ ಸ್ಟೀಲ್ ಆತಾ ಮಿಳತ್ ನಾಹೀ" ಅಂದರು. ನಿಮ್ಮೂರಿಂದಲ್ಲವಾ ಇದು, ಇಂಥ ಉಕ್ಕು ಈಗ ಸಿಗಲ್ಲ.

ಹದಿನೇಳು ವರ್ಷದಿಂದ ಪುಣೆಯಲ್ಲಿದ್ದೇನೆ. ಭದ್ರಾವತಿ ಅಂದರೆ ಇಲ್ಲಿ ಬಹಳ ಜನ ಯಾವುದೋ ದೇವಸ್ಥಾನದ ಊರು ಅಂದುಕೊಳ್ಳುತ್ತಾರೆ. ಆ ಹೆಸರನ್ನು ಒಬ್ಬರು ಗೌರವದಿಂದ ಹೇಳಿದ್ದು ಕೇಳಿ ಎದೆ ತುಂಬಿ ಬಂತು. ಬ್ಲಾಕು ಹೊರಟಿದ್ದು ಮಾತ್ರ ಭಂಗಾರಕ್ಕೆ. ನಮ್ಮ ಗುಜರಿಗೆ ಇಲ್ಲಿ ಭಂಗಾರ್ ಅಂತಾರೆ.

ಕಾಕಾ ಹತ್ತಿರ ರೆಕ್ಸಿನ್ ಹೊದಿಕೆಯ ಒಂದು ರಿಜಿಸ್ಟರಿದೆ. ಯಾವ ಡೈ, ಉಕ್ಕು ಎಲ್ಲಿಂದ ಬಂತು, ಗಡಸುತನ ಎಷ್ಟಿತ್ತು, ಸುತ್ತಿಗೆಯ ಎಷ್ಟು ಏಟು ತಿಂದಿತು, ಎಷ್ಟು ಸಲ ಮತ್ತೆ ಕೊರೆದರು, ಎಲ್ಲ ಅದರಲ್ಲಿದೆ. ನಮ್ಮ ಬ್ಲಾಕಿನದು ಎರಡು ಪುಟ ತುಂಬಿತ್ತು. ಈ ಊರಿನವರಲ್ಲಿ ನನಗೆ ಮೆಚ್ಚುಗೆ ಇರುವುದು ಈ ಲೆಕ್ಕದ ಬುದ್ಧಿಗೆ. ಅವರು ಕಬ್ಬಿಣವನ್ನು ಪ್ರಶ್ನೆ ಕೇಳುತ್ತಾರೆ.

ಈಗ ಆ ಪ್ರಶ್ನೆಗಳಿಗೆ ಹೊಸದೊಂದು ಸೇರಿದೆ. ಉಕ್ಕಿನ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಕಾರ್ಬನ್, ಮ್ಯಾಂಗನೀಸ್, ಗಂಧಕ, ರಂಜಕ ನೋಡುತ್ತಿದ್ದವರು ಈಗ ಒಂದು ಟನ್ನಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂದೂ ಕೇಳುತ್ತಿದ್ದಾರೆ. ನಮ್ಮ ಮಾಲು ಯುರೋಪಿಗೆ ಹೋಗುತ್ತದೆ. ಹೊರಗಿನಿಂದ ಬರುವ ಮಾಲಿನ ಇಂಗಾಲದ ಮೇಲೆ ಅಲ್ಲಿ ಹಾಕುವ ಗಡಿ ತೆರಿಗೆಗೆ 2023ರ ಅಕ್ಟೋಬರಿನಿಂದ ಲೆಕ್ಕ ಒಪ್ಪಿಸುವುದಿತ್ತು, 2026ರ ಜನವರಿಯಿಂದ ದುಡ್ಡಿನ ಮಾತೇ ಶುರುವಾಗಿದೆ. ನಮ್ಮ ಸರ್ಕಾರವೂ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕು ಅಂದರೆ ಏನು ಅಂತ ಗೆರೆ ಎಳೆಯಿತು. ಒಂದು ಟನ್ ಉಕ್ಕಿಗೆ 2.2 ಟನ್ನಿಗಿಂತ ಕಮ್ಮಿ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ನಕ್ಷತ್ರ ಸಿಗುತ್ತದೆ, 1.6ಕ್ಕಿಂತ ಕೆಳಗಿಳಿದರೆ ಐದು ನಕ್ಷತ್ರ. ದೇಶದ ಸರಾಸರಿ ಎರಡೂವರೆಯ ಆಸುಪಾಸಿನಲ್ಲಿದೆ. ಇದೇ ಪುಣೆಯ ಕಲ್ಯಾಣಿ ಸಮೂಹದವರು 2022ರ ಡಿಸೆಂಬರಿನಲ್ಲೇ ಫೆರೆಸ್ಟಾ ಎಂಬ ಹೆಸರಿನಲ್ಲಿ ತಮ್ಮ ಹಸಿರು ಉಕ್ಕನ್ನು ಪೇಟೆಗೆ ತಂದಾಗಿತ್ತು. ನಮ್ಮ ಪರ್ಚೇಸಿನ ಹುಡುಗಿ ಉಕ್ಕು ಮಾರಲು ಬಂದವರನ್ನು ಕೂರಿಸಿ, ಕರೆಂಟು ಎಲ್ಲಿಂದ, ಸ್ಕ್ರ್ಯಾಪ್ ಎಷ್ಟು, ಸ್ಪಂಜ್ ಐರನ್ (ಅದಿರನ್ನು ಕರಗಿಸದೆಯೇ ಆಮ್ಲಜನಕ ತೆಗೆದ ಕಬ್ಬಿಣ) ಎಷ್ಟು ಅಂತ ಒಂದೊಂದೇ ಬರೆಸಿಕೊಳ್ಳುತ್ತಾಳೆ. ಯಾರಿಗೂ ಅದರಲ್ಲಿ ಅವಮಾನವಿಲ್ಲ.

ನಮ್ಮೂರಿನಲ್ಲಿ ಹೀಗಿಲ್ಲ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಬಂದಾಗ ಊರಿಗೆ ಹೋಗಿದ್ದೆ. ಪೆಂಡಾಲಿನಲ್ಲಿ ಸರ್ ಎಂ.ವಿ. ಫೋಟೋಗೆ ಹಾರ ಹಾಕಿದ್ದರು. ಅಪ್ಪ ಎರಡನೇ ಸಾಲಿನಲ್ಲಿ ಕೂತಿದ್ದರು. ಒಬ್ಬರಾದ ಮೇಲೆ ಒಬ್ಬರು ಉಳಿಸಿ, ಉಳಿಸಿ ಅಂದರು. ಉಳಿದ ಮೇಲೆ ಯಾವ ಉಕ್ಕು ಮಾಡೋಣ, ಯಾವ ಕುಲುಮೆಯಲ್ಲಿ, ಯಾರು ಕೊಳ್ಳುತ್ತಾರೆ ಅಂತ ಒಬ್ಬರೂ ಹೇಳಲಿಲ್ಲ. ನಾನು ಮೆಲ್ಲಗೆ ಬಾಯಿ ಬಿಟ್ಟರೆ ಅಪ್ಪನ ಸ್ನೇಹಿತರೊಬ್ಬರು, "ನೀನು ಪುಣೆಯಲ್ಲಿ ಕೂತ್ಕೊಂಡು ಮಾತಾಡ್ತೀಯ, ಇಲ್ಲಿ ಸಂಬಳದ ಪ್ರಶ್ನೆ ಕಣಪ್ಪ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಯಾಕೆಂದರೆ ಈಗ ಲೋಕವೆಲ್ಲ ತಡಕಾಡುತ್ತಿರುವ ದಾರಿಯಲ್ಲಿ ನಮ್ಮೂರು ಆಗಲೇ ನಡೆದು ಬಂದಿತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ 1923ರಲ್ಲಿ ಶುರುವಾದ ಕಾರ್ಖಾನೆ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಿತು. ಕಟ್ಟಿಗೆಯನ್ನು ಸುಮ್ಮನೆ ಸುಡದೆ, ಮುಚ್ಚಿದ ರಿಟಾರ್ಟಿನಲ್ಲಿ ಕಾಯಿಸಿ ಮರದ ಸ್ಪಿರಿಟ್ಟು, ಟಾರು ಎಲ್ಲ ಬಸಿದುಕೊಂಡು, ಉಳಿದ ಇದ್ದಿಲನ್ನು ಕುಲುಮೆಗೆ ಹಾಕುತ್ತಿದ್ದರು. ತಾತ ಆ ಇದ್ದಿಲಿನ ಕಡೆ ಕೆಲಸ ಮಾಡಿದವರು. ಎಷ್ಟು ಸೀಗೆಪುಡಿ ಉಜ್ಜಿದರೂ ಕಿವಿಯ ಹಿಂದಿನ ಕಪ್ಪು ಹೋಗುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. 1948ರಲ್ಲಿ ಜೋಗದ ಕರೆಂಟು ಬಂತು. 1950ರ ದಶಕದಲ್ಲಿ ಅದೇ ಕರೆಂಟಿನಿಂದ ಅದಿರು ಕರಗಿಸುವ ವಿದ್ಯುತ್ ಕುಲುಮೆಗಳು ನಮ್ಮೂರಲ್ಲಿ ಉರಿದವು. ನೀರಿನಿಂದ ಬಂದ ಕಾವು, ಮರದಿಂದ ಬಂದ ಇಂಗಾಲ. ಕೋಕ್, ಅಂದರೆ ಕಲ್ಲಿದ್ದಲನ್ನು ಬೇಯಿಸಿ ಮಾಡುವ ಇಂಧನ, ಬರುವ ಮೊದಲಿನ ಆ ವಿದ್ಯೆಯನ್ನು ಬ್ರೆಜಿಲಿನವರು ಬಿಡಲಿಲ್ಲ. ನೀಲಗಿರಿ ತೋಪು ಬೆಳೆಸಿ, ಅದರ ಇದ್ದಿಲಿನಿಂದ ಇವತ್ತಿಗೂ ಕಬ್ಬಿಣ ತೆಗೆಯುತ್ತಾರೆ, ಹಸಿರು ಉಕ್ಕು ಅಂತ ಮಾರುತ್ತಾರೆ.

ಕೋಕ್ ಬಿಡುವುದು ಯಾಕೆ ಕಷ್ಟ ಅಂತ ಅಪ್ಪನೇ ನನಗೆ ಚಿಕ್ಕವನಿದ್ದಾಗ ಹೇಳಿಕೊಟ್ಟಿದ್ದರು. ಊದುಕುಲುಮೆಯಲ್ಲಿ ಕೋಕ್ ಮೂರು ಕೆಲಸ ಮಾಡುತ್ತದೆ. ಉರಿದು ಕಾವು ಕೊಡುತ್ತದೆ, ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಮೇಲೆ ಬೀಳುವ ಅದಿರಿನ ಭಾರವನ್ನು ತಾನೇ ಹೊತ್ತು ಗಾಳಿ ಆಡಲು ಸಂದು ಬಿಡುತ್ತದೆ. ಇದ್ದಿಲು ಮೊದಲೆರಡನ್ನು ಚೆನ್ನಾಗಿ ಮಾಡುತ್ತದೆ, ಮೂರನೆಯದರಲ್ಲಿ ಸೋಲುತ್ತದೆ. ಭಾರಕ್ಕೆ ಪುಡಿಯಾಗುತ್ತದೆ. ಅದಕ್ಕೇ ಇದ್ದಿಲಿನ ಕುಲುಮೆ ಚಿಕ್ಕದಿರಬೇಕು. ಚಿಕ್ಕದು ಅಂದರೆ ಖರ್ಚು ಜಾಸ್ತಿ. ಆದರೆ ಇದ್ದಿಲಿನಲ್ಲಿ ಗಂಧಕ ಇಲ್ಲದಷ್ಟು ಕಮ್ಮಿ, ಕಬ್ಬಿಣ ಶುದ್ಧ. ಇನ್ನೊಂದು ದಾರಿ, ಕೋಕಿನ ಬದಲು ಹೈಡ್ರೋಜನ್ ಬಳಸುವುದು. ಅದು ಆಮ್ಲಜನಕ ಕಿತ್ತ ಮೇಲೆ ಉಳಿಯುವುದು ನೀರಾವಿ. ಸ್ವೀಡನ್ನಿನವರು 2021ರಲ್ಲಿ ಹಾಗೆ ಮಾಡಿ ತೋರಿಸಿದರು, ನಮ್ಮ ತೋರಣಗಲ್ಲಿನಲ್ಲೂ ಹಸಿರು ಹೈಡ್ರೋಜನ್ ಘಟಕ ಬಂದಿದೆ. ಚಿಕ್ಕ ಕುಲುಮೆ, ಜಲವಿದ್ಯುತ್ತು, ವಿಶೇಷ ಉಕ್ಕು, ಅದನ್ನು ಬಲ್ಲ ಮೂರು ತಲೆಮಾರಿನ ಕೈಗಳು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ದಿಲ್ಲಿಯ ಮೇಜಿನ ಮೇಲೆ ಇಡಬಹುದಿತ್ತು. ನಾವು ಹಾರ ಹಾಕಿದೆವು.

ಇಷ್ಟು ಬರೆದ ಮೇಲೆ ಹೇಳದೆ ವಿಧಿಯಿಲ್ಲದ ಮಾತುಗಳೂ ಇವೆ. ಆ ಇದ್ದಿಲು ಆಕಾಶದಿಂದ ಬೀಳಲಿಲ್ಲ, ಮಲೆನಾಡಿನ ಕಾಡು ಕಡಿದು ತಂದದ್ದು. ಮತ್ತೆ ಇದ್ದಿಲಿಗಾಗಿ ತೋಪು ಅಂದರೆ ಅಕೇಶಿಯಾ ಕಂಡು ರೋಸಿಹೋದ ನಮ್ಮ ಕಡೆಯ ಹಳ್ಳಿಗಳು ಒಪ್ಪಲ್ಲ, ಒಪ್ಪಲೂಬಾರದು. ಕೆಮ್ಮಣ್ಣುಗುಂಡಿ ಗಣಿ ನಿಂತ ಮೇಲೆ ಕಾರ್ಖಾನೆಗೆ ಸ್ವಂತ ಅದಿರಿರಲಿಲ್ಲ. ಬೆಟ್ಟ ಉಳಿಯಿತಲ್ಲ ಅಂತ ನನಗೂ ಸಮಾಧಾನವೇ.

ಪುಣೆಯ ಲೆಕ್ಕವೂ ಪೂರ್ತಿ ಪುಣೆಯದಲ್ಲ. ಹೋದ ಮಳೆಗಾಲದಲ್ಲಿ ಉಕ್ಕು ಕರಗಿಸುವ ಒಂದು ಘಟಕಕ್ಕೆ ಆಡಿಟಿಗೆ ಹೋಗಿದ್ದೆ. ಗೇಟಿನ ಹೊರಗೆ ಕೆಎ 34, ಕೆಎ 35 ಲಾರಿಗಳು ಸಾಲಾಗಿ ನಿಂತಿದ್ದವು. ಡ್ರೈವರೊಬ್ಬರು ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದರು. ಎಲ್ಲಿಂದಣ್ಣ ಅಂದೆ. "ಬಳ್ಳಾರಿ ಕಡೆಯಿಂದ್ರಿ. ಸ್ಪಂಜ್ ತಂದೀವಿ" ಅಂದರು. ಕಣ್ಣಿನ ರೆಪ್ಪೆಯ ಮೇಲೂ ಬೂದು ಪುಡಿ ಕೂತಿತ್ತು. ಸ್ಕ್ರ್ಯಾಪ್ ಸಾಲದೆ ಬಂದಾಗ ಸ್ಪಂಜ್ ಬೇಕು. ಬಳ್ಳಾರಿ ಸೀಮೆಯಲ್ಲಿ ಅದನ್ನು ಕಲ್ಲಿದ್ದಲಿನಿಂದಲೇ ಬೇಯಿಸುತ್ತಾರೆ. ಹೊಗೆ ಕುಡಿಯುವವರು ನಮ್ಮವರು, ಸರ್ಟಿಫಿಕೇಟ್ ಫೈಲ್ ಆಗುವುದು ಇಲ್ಲಿ. ಪರ್ಚೇಸಿನ ಹುಡುಗಿಗೆ ಇದನ್ನು ಹೇಳಿದೆ. ಸ್ಪಂಜಿನ ಸಾಲಿನ ಕೆಳಗೆ, ಎಲ್ಲಿಂದ, ಕಲ್ಲಿದ್ದಲೋ ಗ್ಯಾಸೋ ಅಂತ ಇನ್ನೊಂದು ಸಾಲು ಹಾಕಿಕೊಂಡಳು.

ಬ್ಲಾಕಿನ ಫೋಟೋ ಅಪ್ಪನಿಗೆ ಕಳಿಸಿದ್ದೆ. ರಾತ್ರಿ ಫೋನ್ ಬಂತು. ಅಪ್ಪ ಎಲೆಕ್ಟ್ರಿಕ್ ಫರ್ನೇಸಿನಲ್ಲಿ ಮೂವತ್ತು ವರ್ಷ ದುಡಿದವರು. ಹೀಟ್ ನಂಬರ್ ಓದು ಅಂದರು, ಓದಿದೆ. ಇನ್ನೇನು ಊರಿನ ಹಳೇ ಕಥೆ ಶುರುವಾಗುತ್ತದೆ ಅಂದುಕೊಂಡೆ.

"ಗುಜರಿಗೆ ಹೇಗೆ ಹಾಕ್ತಿದ್ದೀರೋ? ಎಲ್ಲದರ ಜೊತೆಗಾ?"

"ಹೂಂ, ಮಾಮೂಲಿ ಗುಡ್ಡೆಗೆ."

"ಬೇಡ ಕಣೋ, ಬೇರೆ ಇಡಿಸು. ಅದು ಡೈ ಸ್ಟೀಲು. ನಿಕ್ಕಲ್ಲು, ಕ್ರೋಮಿಯಮ್ಮು, ಮಾಲಿಬ್ಡಿನಮ್ಮು ಎಲ್ಲ ಅದರೊಳಗೇ ಇದೆ. ಮಾಮೂಲಿ ಕಬ್ಬಿಣದ ಜೊತೆ ಕರಗಿಸಿದರೆ ದಂಡ. ಅಲಾಯ್ ಹೀಟಿಗೆ, ಮಿಶ್ರ ಉಕ್ಕು ಕರಗಿಸುವಾಗ, ಹಾಕಿದರೆ ಅಷ್ಟು ಲೋಹ ಹೊಸದು ತರೋದು ಉಳಿಯುತ್ತೆ. ನಾವು ಒಂದೊಂದು ತುಂಡೂ ಹಾಗೇ ಆರಿಸಿ ಇಡ್ತಿದ್ವಿ, ಬಣ್ಣ ಬಳಿದು."

ಯಾವ ಬಣ್ಣ ಅಂತ ಕೇಳಿದೆ. ಕೆಂಪು ಅಂದರು. ಮರುದಿನ ಕಾಕಾ ಸ್ಟೋರಿನಿಂದ ಕೆಂಪು ಪೇಂಟಿನ ಡಬ್ಬ ತರಿಸಿದರು.