ಏಳು ಸುತ್ತಿನ ಗ್ಯಾಲರಿ

ಫುಟ್‌ಬಾಲಿನಲ್ಲಿ ಪಂದ್ಯಗಳು ಎರಡೇ ಬಗೆ. ಒಂದು ತವರಿನ ಪಂದ್ಯ, ಇನ್ನೊಂದು ಹೊರ ಊರಿನ ಪಂದ್ಯ. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಮೊದಲನೆಯ ಬಗೆ ಇಲ್ಲವೇ ಇಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ನಮಗೂ ಒಂದು ತಂಡವಾಯಿತು ಎಂದು ಹಿಗ್ಗಿದೆವು. ತವರಿನ ಅಂಗಳ ಎಂದು ಅವರು ತೋರಿಸಿದ ಕಂಠೀರವ ಕ್ರೀಡಾಂಗಣ ಇಲ್ಲಿಂದ 260 ಕಿಲೋಮೀಟರ್. ರೈಲಿನಲ್ಲಿ ಹೊರಟರೆ ಬೀರೂರು, ಅರಸೀಕೆರೆಗಳ ಕ್ಷೇಮಸಮಾಚಾರ ವಿಚಾರಿಸಿಕೊಂಡು ಹೋಗಬೇಕಾದ್ದರಿಂದ ಇನ್ನೂ ಹೆಚ್ಚು. ಗಂಡನ ಮನೆಯಲ್ಲಿರುವ ಯಾವ ಹೆಣ್ಣುಮಗಳೂ ಇಷ್ಟು ದೂರದ ತವರಿಗೆ ಹೋಗಿ, ತೊಂಬತ್ತು ನಿಮಿಷ ಇದ್ದು, ಎಲೆ ಅಡಿಕೆಯನ್ನೂ ಹಾಕಿಕೊಳ್ಳದೆ ರಾತ್ರಿ ಬಸ್ಸಿಗೆ ಹಿಂದಿರುಗುವುದಿಲ್ಲ.

ಯಾವುದು ಹೊರ ಊರು ಎಂಬುದನ್ನು ಆಟ ತೀರ್ಮಾನಿಸುವುದಿಲ್ಲ, ಸರ್ಕಾರ ತೀರ್ಮಾನಿಸುತ್ತದೆ. 1997ರ ಆಗಸ್ಟ್‌ವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅಲ್ಲಿಯವರೆಗೆ ನಮ್ಮ ಹುಡುಗರು ದುರ್ಗಕ್ಕೆ ಹೋಗಿ ಸೋತು ಬಂದರೆ ಮನೆಯಲ್ಲೇ ಎಡವಿ ಬಿದ್ದ ಲೆಕ್ಕ. ಜಿಲ್ಲೆ ಒಡೆದ ಮೇಲೆ ಅದೇ ಬಸ್ಸು, ಅದೇ ಅರವತ್ತು ಕಿಲೋಮೀಟರ್, ಅದೇ ಸೋಲು. ಆದರೆ ಈಗ ಅದು ಪರಜಿಲ್ಲೆಯಲ್ಲಿ ಆದ ಅವಮಾನ.

ಇದೆಲ್ಲ ಸಣ್ಣ ಮಾತು. ದೊಡ್ಡವರ ಭೂಗೋಳ ನೋಡಬೇಕೆಂದರೆ 2023ರ ಮಾರ್ಚ್ 4ಕ್ಕೆ ಹೋಗಬೇಕು. ಸಂತೋಷ್ ಟ್ರೋಫಿ ಎಂದರೆ ನಮ್ಮ ದೇಶದ ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿ. ಆ ವರ್ಷ ಫೈನಲ್ಲಿಗೆ ಬಂದದ್ದು ಕರ್ನಾಟಕ ಮತ್ತು ಮೇಘಾಲಯ. ಪಂದ್ಯ ಎಲ್ಲಿ? ಬೆಂಗಳೂರಿನಲ್ಲಿ ಅಲ್ಲ, ಶಿಲ್ಲಾಂಗಿನಲ್ಲೂ ಅಲ್ಲ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. ಹರಿಹರದ ಹುಡುಗನಿಗೂ ಹೊನ್ನಾಳಿಯ ಹುಡುಗಿಗೂ ಮದುವೆ ಗೊತ್ತುಮಾಡಿ, ಛತ್ರ ಮಾತ್ರ ಮರಳುಗಾಡಿನಲ್ಲಿ ಹಿಡಿದ ಹಾಗೆ. ಲಗ್ನಪತ್ರಿಕೆಯ ಕೊನೆಯಲ್ಲಿ ‘ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ’ ಎಂಬುದರ ಕೆಳಗೆ ‘ವೀಸಾ ಇದ್ದವರಿಗೆ ಮಾತ್ರ ಊಟ’ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ಕರ್ನಾಟಕ 3-2ರಿಂದ ಗೆದ್ದಿತು. ಐವತ್ತನಾಲ್ಕು ವರ್ಷಗಳ ನಂತರದ ಗೆಲುವು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅಂದರೆ ಕರ್ನಾಟಕ ಎಂಬ ಹೆಸರು ಹೊತ್ತು ಮೊದಲ ಬಾರಿಗೆ ಗೆದ್ದದ್ದು ಕರ್ನಾಟಕದಿಂದ ಸಮುದ್ರದಾಚೆ. ನಾವು ಅದನ್ನು ಮಂಡಕ್ಕಿ ಭಟ್ಟಿಯ ಪಕ್ಕದ ಅಂಗಡಿಯಲ್ಲಿ ಒಂದೇ ಮೊಬೈಲಿಗೆ ಏಳು ತಲೆ ಬಗ್ಗಿಸಿ ನೋಡಿದೆವು. ಮೂರನೆಯ ಗೋಲು ಹೊಡೆಯುವಾಗ ಮೊಬೈಲಿಗೆ ಯಾರದೋ ಮಿಸ್ಡ್ ಕಾಲ್ ಬಂತು. ಆ ಮನುಷ್ಯನ ಜೊತೆ ಇಂದಿಗೂ ಮಾತು ಬಿಟ್ಟಿದ್ದೇವೆ.

ಆವತ್ತೇ ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ತೀರ್ಮಾನ ಕೊಟ್ಟರು: “ತವರಿನ ಆಸೆ ಬಿಡಿ. ಇನ್ನು ಮೇಲೆ ಲಕ್ಷಣವಾಗಿ ಹೊರ ಊರಿನ ಪಂದ್ಯಕ್ಕೇ ಹೋಗೋಣ. ಅಲ್ಲಾದರೂ ನಮ್ಮನ್ನು ಅತಿಥಿಗಳೆಂದು ಕರೆಯುತ್ತಾರೆ.” ಮೇಷ್ಟ್ರು ಪತ್ರಿಕೆಗಳನ್ನು ಜಾಹೀರಾತು ಸಮೇತ ಓದುವವರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 2016ರಿಂದ ಎದುರಾಳಿ ಅಭಿಮಾನಿಯ ಟಿಕೆಟ್ಟಿಗೆ 30 ಪೌಂಡ್‌ಗಿಂತ ಹೆಚ್ಚು ಕೇಳುವಂತಿಲ್ಲ ಎಂಬುದನ್ನು ಅವರೇ ಹೇಳಿದರು. ಅರ್ಜೆಂಟೀನಾದಲ್ಲಿ 2013ರಲ್ಲಿ ಒಬ್ಬ ಅಭಿಮಾನಿ ಸತ್ತ ಮೇಲೆ ಲೀಗ್ ಪಂದ್ಯಗಳಿಗೆ ಹೊರ ಊರಿನವರು ಬರುವುದನ್ನೇ ನಿಷೇಧಿಸಿದ್ದನ್ನು ಮಾತ್ರ ಹೇಳಲಿಲ್ಲ. ಅದು ಹಣ ಕೊಟ್ಟಾದ ಮೇಲೆ ನೆನಪಾಯಿತಂತೆ.

ಪಕ್ಕದ ರಾಜ್ಯದ ಒಂದು ದೊಡ್ಡ ಕ್ರೀಡಾಂಗಣ. ಹೆಸರು ಬೇಡ. ಎರಡು ರಾತ್ರಿ ಒಂದು ಹಗಲು ಪ್ರಯಾಣ ಮಾಡಿ ಆರು ಜನ ಅದರ ಮುಂದೆ ಇಳಿದೆವು. ಕೈಯಲ್ಲಿ ‘ದಾವಣಗೆರೆ’ ಎಂದು ಬರೆದ ನೀಲಿ ಬಟ್ಟೆ, ಚೀಲದಲ್ಲಿ ಎರಡು ಸೇರು ಖಾರ ಮಂಡಕ್ಕಿ. ಬೆಣ್ಣೆ ದೋಸೆ ತರುವ ಯೋಚನೆ ಇತ್ತು. ಆದರೆ ಕಾವಲಿಯಿಂದ ತಟ್ಟೆಗೆ ಬರುವಷ್ಟರಲ್ಲೇ ಅರ್ಧ ಆಯಸ್ಸು ಕಳೆದುಕೊಳ್ಳುವ ಪದಾರ್ಥ ಅದು, ಗಡಿ ದಾಟುವುದಿಲ್ಲ.

‘ಅತಿಥಿಗಳ ಗ್ಯಾಲರಿ’ಗೆ ಬಾಗಿಲು ಬೇರೆ, ದಾರಿ ಬೇರೆ, ತಪಾಸಣೆಯೂ ಬೇರೆ. ಎಣಿಸಿದೆ: ಸರಿಯಾಗಿ ಏಳು ಸುತ್ತು. ನಮ್ಮ ದುರ್ಗದ ಕೋಟೆಗೂ ಇರುವುದು ಏಳೇ. ಅದನ್ನು ಕಟ್ಟಿಸಿದ ಪಾಳೆಯಗಾರರು ಶತ್ರು ಸೈನ್ಯಗಳಿಗೆ ಹೆದರಿದ್ದರು. ಇವರು ರಕ್ತದೊತ್ತಡದ ಮಾತ್ರೆ ಇಟ್ಟುಕೊಂಡ ಮೇಷ್ಟ್ರಿಗೆ ಹೆದರಿದ್ದರು.

ಮೊದಲ ಸುತ್ತಿನಲ್ಲಿ ನಾಣ್ಯ ಹೋಯಿತು. ಎರಡನೆಯದರಲ್ಲಿ ನೀರಿನ ಬಾಟಲಿ, ಪೆನ್ನು, ಬಾಚಣಿಗೆ. ಆರು ಜನರಲ್ಲಿ ನಾಲ್ವರಿಗೆ ಬಾಚಣಿಗೆಯಿಂದ ಆಗಬೇಕಾದ್ದೇನೂ ಉಳಿದಿಲ್ಲ, ಆದರೂ ಕಿತ್ತುಕೊಂಡರು. ನೀಲಿ ಬಟ್ಟೆಯ ಮುಂದೆ ಒಂದು ಸಣ್ಣ ಸಭೆಯೇ ಸೇರಿತು. ಬಟ್ಟೆಯ ಮೇಲೆ ಏನು ಬರೆದಿದೆ ಎಂದು ಕೇಳಿದರು. ಊರಿನ ಹೆಸರು ಎಂದೆವು. ಬರೀ ಊರಿನ ಹೆಸರನ್ನು ಇಷ್ಟು ದೊಡ್ಡದಾಗಿ ಯಾರು ಬರೆಯುತ್ತಾರೆ, ಇದರಲ್ಲಿ ಬೈಗುಳ ಇರಬೇಕು ಎಂದು ಅವರ ತರ್ಕ. ಓದಲು ಬಾರದ ಲಿಪಿಯಲ್ಲಿರುವುದೆಲ್ಲ ಬೈಗುಳವೇ ಎಂಬ ತತ್ವದ ಮೇಲೆ ಅದು ಮುಟ್ಟುಗೋಲಾಯಿತು.

ಮಂಡಕ್ಕಿಯ ವಿಚಾರಣೆ ದೀರ್ಘವಾಗಿತ್ತು. ಕಾವಲಿನವನು ಒಂದು ಮುಷ್ಟಿ ತೆಗೆದು, ತೂಗಿ ನೋಡಿ, “ಎಸೆಯಬಹುದಾದ ವಸ್ತು” ಎಂದು ಘೋಷಿಸಿದ. ಮಂಡಕ್ಕಿಯನ್ನು ಎಸೆದರೆ ಅದು ಗಾಳಿಗೆ ಹಿಂದಿರುಗಿ ಎಸೆದವನ ಮೀಸೆಯ ಮೇಲೇ ಕೂರುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಬೇಕಾದರೆ ಪ್ರಯೋಗ ಮಾಡಿ ತೋರಿಸುತ್ತೇನೆ ಎಂದರು. ಪ್ರಯೋಗಕ್ಕೆ ಒಪ್ಪಿಗೆ ಸಿಗಲಿಲ್ಲ. ಜೊತೆಗಿದ್ದ ಹಸಿಮೆಣಸಿನಕಾಯಿಯನ್ನು ನೋಡಿದ ಮೇಲಂತೂ ಅವನ ಹಿರಿಯ ಅಧಿಕಾರಿಯನ್ನೇ ಕರೆಸಲಾಯಿತು.

ಕೊನೆಯ ಸುತ್ತು ಒಂದು ತಿರುಗುವ ಕಬ್ಬಿಣದ ಗೇಟು. ಒಬ್ಬ ಮನುಷ್ಯ ತಲೆ ಬಗ್ಗಿಸಿ, ಮೈ ಓರೆ ಮಾಡಿ ತೂರಬೇಕು. ಆಚೆ ತುದಿಯಲ್ಲಿ ಲಾಠಿ ಹಿಡಿದವಳೊಬ್ಬಳು ನಿಂತಿದ್ದಾಳೆ. ಮೇಷ್ಟ್ರು ತಟ್ಟನೆ ನಿಂತುಬಿಟ್ಟರು. “ಇದನ್ನು ಎಲ್ಲೋ ನೋಡಿದ್ದೇನೆ” ಎಂದರು. ನೋಡದೆ ಏನು, ಶಾಲೆಯಿಂದ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದಾರೆ. ಕಾವಲುಗಾರ ಗಂಡ ಊಟಕ್ಕೆ ಹೋಗಿದ್ದಾನೆ, ಓಬವ್ವ ನೀರಿಗೆಂದು ಬಂದಿದ್ದಾಳೆ, ಕಿಂಡಿಯಲ್ಲಿ ಒಂದು ತಲೆ ಕಾಣಿಸುತ್ತದೆ, ಒನಕೆ ಏಳುತ್ತದೆ. “ಮೂವತ್ತೆರಡು ವರ್ಷ ಓಬವ್ವನ ಕಡೆ ನಿಂತು ಪಾಠ ಮಾಡಿದೆ. ಕಿಂಡಿಯ ಈಚೆ ನಿಂತವರಿಗೆ ಹೇಗನ್ನಿಸಿರಬಹುದೆಂದು ಒಬ್ಬ ಹುಡುಗನೂ ಕೇಳಲಿಲ್ಲ” ಎಂದು ಹೇಳಿ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ತೂರಿದರು.

ಒಳಗೆ ಗಂಟಲೊಣಗಿತ್ತು. ನೀರಿನ ಬಾಟಲಿ ಎರಡನೆಯ ಸುತ್ತಿನಲ್ಲೇ ಹುತಾತ್ಮವಾಗಿತ್ತಲ್ಲ. ಮಾರುವವನು ನೆಟ್‌ವರ್ಕ್ ಇಲ್ಲ, ನಗದು ಕೊಡಿ ಎಂದ. ನೂರರ ನೋಟು ಕೊಟ್ಟರೆ ಒಂದು ಲೋಟ ನೀರು ಕೊಟ್ಟು ಚಿಲ್ಲರೆ ಎಣಿಸಿದ: ಎಲ್ಲವೂ ಐದು ರೂಪಾಯಿಯ ನಾಣ್ಯಗಳು! ಹೊರಗೆ ಆಯುಧವಾಗಿದ್ದದ್ದು ಒಳಗೆ ಬಂದರೆ ಪುನಃ ಹಣವಾಗುತ್ತದೆ. ಆರು ಜನರೂ ಕುಡಿದೆವು. ಜೇಬುಗಳು ಝಣಝಣ ಎನ್ನುತ್ತಿದ್ದವು. ಯಾರೂ ಯಾರಿಗೂ ಎಸೆಯಲಿಲ್ಲ. ಆ ಬೆಲೆಗೆ ಕೊಂಡ ನೀರಿನ ಚಿಲ್ಲರೆಯನ್ನು ಎಸೆಯುವಷ್ಟು ಶ್ರೀಮಂತರು ನಾವಲ್ಲ.

ಪಂದ್ಯದ ಬಗ್ಗೆ ಹೇಳಲು ಹೆಚ್ಚಿಲ್ಲ. ಅತಿಥಿಗಳಿಗೆ ಕೊಟ್ಟ ಮೂಲೆಯ ಮುಂದೆ ಬಲೆ, ಬಲೆಯ ಮುಂದೆ ಕಂಬ. ಹತ್ತಿರದ ಕಾರ್ನರ್ ಬಾವುಟ ಚೆನ್ನಾಗಿ ಕಾಣುತ್ತಿತ್ತು. ಮಿಕ್ಕದ್ದನ್ನು ಉಳಿದ ಪ್ರೇಕ್ಷಕರ ಮುಖ ನೋಡಿ ಊಹಿಸಿಕೊಂಡೆವು. ಅವರು ಬಹಳ ಸಂತೋಷದಲ್ಲಿದ್ದರು, ಆದ್ದರಿಂದ ಸೋತೆವೆಂದು ತಿಳಿಯಿತು.

ಮುಗಿದ ಮೇಲೆ ಹೊಸ ಆದೇಶ ಬಂತು: ನಮ್ಮ ಸುರಕ್ಷತೆಗಾಗಿ, ತವರಿನ ಜನವೆಲ್ಲ ಹೊರಟುಹೋಗುವವರೆಗೆ ಅತಿಥಿಗಳು ಕದಲಬಾರದು. ಕದಲಲಿಲ್ಲ. ಮೂವತ್ತು ನಿಮಿಷ, ನಲವತ್ತು ನಿಮಿಷ. ಗ್ಯಾಲರಿಗಳು ಬರಿದಾದವು. ನೀರಿನವನು ಲೋಟ ಜೋಡಿಸಿಕೊಂಡು ಹೋದ. ಆಟಗಾರರ ಬಸ್ಸು ಹೋದ ಸದ್ದೂ ಕೇಳಿಸಿತು. ಆಮೇಲೆ ದೀಪದ ಕಂಬಗಳು ಒಂದೊಂದಾಗಿ ಆರಿದವು. ಅಷ್ಟು ದೊಡ್ಡ ಕೋಟೆಯೊಳಗೆ ಉಳಿದವರು ನಾವು ಆರು ಜನ ಮಾತ್ರ.

“ಕೋಟೆ ವಶವಾಯಿತು ಕಣ್ರಪ್ಪಾ” ಎಂದರು ಮೇಷ್ಟ್ರು ಕತ್ತಲಲ್ಲಿ.

ಮೊಬೈಲ್ ಬೆಳಕಿನಲ್ಲಿ ತಡವರಿಸಿಕೊಂಡು ಕಬ್ಬಿಣದ ಗೇಟಿನ ಬಳಿ ಬಂದೆವು. ಬೀಗ. ಕೂಗಿದೆವು, ಬಡಿದೆವು. ಬಹಳ ಹೊತ್ತಿನ ಮೇಲೆ ಆಚೆ ಕಡೆಯಿಂದ ಕಸ ಗುಡಿಸುವ ಮುದುಕನೊಬ್ಬ ಬಂದು ಸರಳುಗಳ ಸಂದಿಯಲ್ಲಿ ಇಣುಕಿ ನೋಡಿದ. ಕೈಸನ್ನೆಯಲ್ಲೇ ಕೀಲಿ ಎಲ್ಲಿ ಎಂದು ಕೇಳಿದೆ. ಅವನು ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದ. ಕಾವಲಿನವನು ಊಟಕ್ಕೆ ಹೋಗಿದ್ದ.