ರಕೂನಿಗೊಂದು ಜಾತಿ ಪ್ರಮಾಣಪತ್ರ

ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ರಕೂನಿನ ಕಥೆ ಕೇಳಬೇಕು. ನಮ್ಮ ಪಾಡೇ ಎಷ್ಟೋ ವಾಸಿ ಅನ್ನಿಸುತ್ತದೆ.

ಕಣ್ಣಿಗೆ ಕಳ್ಳನ ಕಪ್ಪು ಪಟ್ಟಿ, ಬಾಲಕ್ಕೆ ಉಂಗುರ. ಊರು ಉತ್ತರ ಅಮೆರಿಕ, ಕಸುಬು ರಾತ್ರಿ ಹೊತ್ತು ಕಸದ ಡಬ್ಬಿ ತಡಕುವುದು. ಇಂಥದ್ದೊಂದು ರಕೂನನ್ನು ಸ್ವೀಡನ್ನಿನ ಯುವರಾಜ ವಿಜ್ಞಾನಿ ಲಿನೇಯಸ್‌ಗೆ ಕೊಟ್ಟ. ಜೀವಿಗಳಿಗೆಲ್ಲ ಕುಲ, ಗೋತ್ರ ಬರೆದಿಟ್ಟ ಮಹಾಶಯ ಇವನೇ. ಮನೆಗೆ ಬಂದ ರಕೂನಿನ ಹೆಸರು ಶುಪ್. ಮೊಟ್ಟೆ, ಬಾದಾಮಿ, ಒಣದ್ರಾಕ್ಷಿ, ಸಕ್ಕರೆ ಹಾಕಿದ ಕೇಕು ಅಂದ್ರೆ ಅದಕ್ಕೆ ಪ್ರಾಣ. ವಿನೆಗರ್ ಸೋಕಿದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಹೊಸ ಅಳಿಯನಿಗೂ ಇಷ್ಟು ಉಪಚಾರ ಸಿಗಲಿಕ್ಕಿಲ್ಲ. ಒಂದು ದಿನ ಗೋಡೆ ಹಾರಿ ಹೋಯಿತು, ನಾಯಿಯ ಬಾಯಿಗೆ ಸಿಕ್ಕಿ ಸತ್ತಿತು. ಲಿನೇಯಸ್ ಅದನ್ನು ಕೊಯ್ದು, ಒಳಗೂ ಹೊರಗೂ ನೋಡಿ 1747ರಲ್ಲಿ ಒಂದು ಲೇಖನವನ್ನೇ ಬರೆದ. ಇಷ್ಟೆಲ್ಲ ನೋಡಿದವನು ಕಡೆಗೆ ಬರೆದದ್ದೇನು? ಕರಡಿ!

1758ರಲ್ಲಿ ಪಕ್ಕಾ ಹೆಸರೂ ಬಂತು, ಅರ್ಸಸ್ ಲೋಟರ್. ನಮ್ಮ ಕಾಫಿ ಲೋಟಕ್ಕೂ ಇದಕ್ಕೂ ಸಂಬಂಧವಿಲ್ಲ, ಲ್ಯಾಟಿನ್‌ನಲ್ಲಿ ಅರ್ಸಸ್ ಅಂದರೆ ಕರಡಿ, ಲೋಟರ್ ಅಂದರೆ ತೊಳೆಯುವವನು. ಊಟವನ್ನು ನೀರಲ್ಲಿ ಅದ್ದುತ್ತದಲ್ಲ, ಅದಕ್ಕೆ. ಅಸಲಿಗೆ ಅದಕ್ಕೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಕಾಡಿನಲ್ಲಿ ಹಳ್ಳದ ನೀರಿಗೆ ಕೈ ಹಾಕಿ ತಡಕಿ ತಿನ್ನುವ ಜೀವ. ಬೋನಿಗೆ ಹಾಕಿದರೂ ಕೈ ಸುಮ್ನೆ ಇರುವುದಿಲ್ಲ, ಅಷ್ಟೇ. ಅಮೆರಿಕದ ಮೂಲನಿವಾಸಿಗಳು ಮಾತ್ರ ಮೊದಲೇ ಸರಿಯಾಗಿ ನೋಡಿದ್ದರು. ರಕೂನ್ ಅನ್ನೋ ಮಾತು ಅವರದೇ. ಅದರ ಅರ್ಥ ಕೈಯಿಂದ ಉಜ್ಜಿ ಕೆರೆಯುವವನು ಅಂತ. ಅವರನ್ನು ಕೇಳುವವರು ಯಾರು? ಜರ್ಮನ್ನರಿಗೂ ಜಪಾನೀಯರಿಗೂ ಅದು ಇವತ್ತಿಗೂ 'ತೊಳೆಯುವ ಕರಡಿ'ಯೇ.

1780ರಲ್ಲಿ ಸ್ಟೋರ್ ಎಂಬ ಜರ್ಮನ್ ವಿದ್ವಾಂಸ ಬಂದ. ಇದು ಕರಡಿ ಅಲ್ಲ, ಬೇರೆಯೇ ಕುಲ ಅಂದ. ಸಂತೋಷ. ಹೊಸ ಕುಲಕ್ಕೆ ಅವನಿಟ್ಟ ಹೆಸರು ಪ್ರೊಸಯಾನ್, ಅಂದರೆ 'ನಾಯಿಗಿಂತ ಮುಂಚಿನದು'. ಪಾಪ ಶುಪ್, ಕಚ್ಚಿ ಕೊಂದದ್ದೂ ನಾಯಿ, ದಾಖಲೆಯಲ್ಲಿ ಕೂತದ್ದೂ ನಾಯಿ.

ಒಂದು ಮನೆಯವರ ಹೆಸರು ತಪ್ಪಿದ್ದರೆ ನೆಂಟರ ಹೆಸರು ಸರಿಯಿರುತ್ತದೆಯೇ? ರಕೂನ್ ಕುಟುಂಬದಲ್ಲಿ ಒಲಿಂಗೊ ಅಂತ ಒಂದು ಮರವಾಸಿ ಇದೆ. 1960-70ರ ದಶಕದಲ್ಲಿ ರಿಂಗರ್ಲ್ ಎಂಬ ಹೆಣ್ಣು ಒಲಿಂಗೊ ಅಮೆರಿಕದ ಮೃಗಾಲಯವೊಂದರಲ್ಲಿತ್ತು. ವಯಸ್ಸಿಗೆ ಬಂದ ಹುಡುಗಿ, ಗಂಡು ತೋರಿಸಿದರು. ಮೂತಿ ತಿರುಗಿಸಿತು. ಸರಿ, ಬೇರೆ ಊರಿನ ವರ ನೋಡೋಣ ಅಂತ ಇನ್ನೊಂದು ಮೃಗಾಲಯಕ್ಕೆ ಕಳಿಸಿದರು. ಅಲ್ಲೂ ಆಗಲಿಲ್ಲ. ಹೀಗೆ ವಾಷಿಂಗ್ಟನ್ ಆಯಿತು, ನ್ಯೂಯಾರ್ಕಿನ ಬ್ರಾಂಕ್ಸ್ ಆಯಿತು. ಹುಡುಗಿಗೆ ಕೊಬ್ಬು ಜಾಸ್ತಿ ಅಂತ ಯಾರೂ ಅಂದಿರಲಿಕ್ಕಿಲ್ಲ, ನಮ್ಮ ಕಡೆಯಾಗಿದ್ದರೆ ಖಂಡಿತ ಅನ್ನುತ್ತಿದ್ದರು. ರಿಂಗರ್ಲ್ ಕನ್ಯೆಯಾಗಿಯೇ ಕಣ್ಣು ಮುಚ್ಚಿತು.

2013ರ ಆಗಸ್ಟಿನಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಪತ್ರಕರ್ತರನ್ನು ಕರೆದು ಹೇಳಿದರು: ರಿಂಗರ್ಲ್ ಒಲಿಂಗೊ ಅಲ್ಲವೇ ಅಲ್ಲ, ಒಲಿಂಗಿಟೊ ಎಂಬ ಬೇರೆಯೇ ಪ್ರಭೇದ! ಕೊಲಂಬಿಯಾ, ಎಕ್ವೆಡಾರ್‌ಗಳ ಮೋಡ ಮುಸುಕಿದ ಕಾಡಿನದು. ಇದರ ಚರ್ಮ, ತಲೆಬುರುಡೆಗಳು ವಸ್ತುಸಂಗ್ರಹಾಲಯದ ಡ್ರಾಯರುಗಳಲ್ಲಿ ತಪ್ಪು ಚೀಟಿ ಹಚ್ಚಿಕೊಂಡು ದಶಕಗಟ್ಟಲೆ ಬಿದ್ದಿದ್ದವು. ಅಂದರೆ ಇಷ್ಟು ವರ್ಷ ಆ ಹುಡುಗಿಗೆ ತೋರಿಸಿದ್ದೆಲ್ಲ ಬೇರೆ ಜಾತಿಯ ಗಂಡುಗಳು. ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳ ಮಾತಿಗೆ ಬೆಲೆ ಎಲ್ಲಿ, ಚೀಟಿಯಲ್ಲಿ ಬರೆದಿದೆಯಲ್ಲ!

ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಪ್ರಸಂಗ ಇದರ ತಲೆಕೆಳಗು. ಅಲ್ಲಿನ ರಕೂನು ಜಗತ್ತಿನಲ್ಲೇ ಬೇರೆಲ್ಲೂ ಇಲ್ಲದ ಪ್ರಭೇದ ಅಂತ 1911ರಲ್ಲಿ ಹೆಸರಿಟ್ಟರು. ಮಣ್ಣಿನ ಮಗ ಅಂತ ಮೆರೆಸಿ ರಾಷ್ಟ್ರೀಯ ಉದ್ಯಾನದ ಲಾಂಛನದಲ್ಲೂ ಕೂರಿಸಿದರು. ಆಮೇಲೆ ಡಿಎನ್‌ಎ ನೋಡಿದರೆ, ಅದು ಮನುಷ್ಯರೇ ಹೊರಗಿನಿಂದ ತಂದುಬಿಟ್ಟ ಮಾಮೂಲಿ ರಕೂನು. ನಿನ್ನೆಯವರೆಗೆ ಊರದೇವರು, ಇವತ್ತು ವಲಸಿಗ. ರಕೂನಿನ ಒಂದು ಕೂದಲೂ ಬದಲಾಗಿರಲಿಲ್ಲ.

ಈಗಿನ ಲೆಕ್ಕದಲ್ಲಿ ರಕೂನಿಗೆ ಹತ್ತಿರದ ಬಂಧು ಕರಡಿಯೂ ಅಲ್ಲ, ನಾಯಿಯೂ ಅಲ್ಲ. ವೀಸಲ್‌ ಎಂಬ ಉದ್ದ ಮೈಯ ಪುಟ್ಟ ಬೇಟೆಗಾರ ಮತ್ತು ಆಟರ್‌ಗಳ ಬಳಗ. ಹಾಗಾಗಿ ನಮ್ಮ ಹಂಪಿಯ ಹತ್ತಿರ ತುಂಗಭದ್ರೆಯ ಬಂಡೆ ಮೇಲೆ ಕೂತು ಮೀನು ಕಚ್ಚುವ ಆಟರ್ ಅದಕ್ಕೆ ದಾಯಾದಿಯೇ ಆಗಬೇಕು. ಲಿನೇಯಸ್‌ನನ್ನು ಆಡಿಕೊಂಡು ನಗೋಣ ಅಂದುಕೊಂಡೆ. ಆಗ ನೆನಪಾಯಿತು, ಆ ಆಟರಿಗೆ ನಾವಿಟ್ಟ ಹೆಸರು ನೀರುನಾಯಿ.